ಸೀಸದ ಚೂರು

ಕೋವಿಯ ಗುಂಡು ಪ್ರಾಣಿಯ ಮೈಯೊಳಗೆ ಒಡೆದು ಮಾಂಸದಲ್ಲಿ ಬಿಟ್ಟುಹೋಗುವ ಸೀಸದ ತುಣುಕುಗಳೇ ಸೀಸದ ಚೂರು. ಉಣ್ಣುವಾಗ ಹಲ್ಲಿಗೆ ಸಿಕ್ಕುವ ಚರೆಯೂ (ತೋಟೆಯೊಳಗೆ ತುಂಬುವ ಸಣ್ಣ ಸೀಸದ ಕಾಳು) ಇದರಲ್ಲಿ ಸೇರಿದೆ, ಆದರೆ ಅದನ್ನು ಉಗಿದುಬಿಡಬಹುದು. ಹೆದರಬೇಕಾದದ್ದು ಹಲ್ಲಿಗೂ ಕಣ್ಣಿಗೂ ಸಿಗದ, ಹಿಟ್ಟಿನಷ್ಟು ನುಣ್ಣಗಿನ ಚೂರಿಗೆ. (ಬರೆಯುವ ಸೀಸದ ಕಡ್ಡಿಯಲ್ಲಿರುವುದು ಗ್ರಾಫೈಟ್. ಹೆಸರೊಂದನ್ನು ಬಿಟ್ಟರೆ ಈ ಲೋಹಕ್ಕೂ ಅದಕ್ಕೂ ನಂಟಿಲ್ಲ.)

ಸೀಸ ಭಾರವಾದ, ಮೆತ್ತಗಿನ ಲೋಹ. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಚ್ಚಿಗೆ ಹೊಯ್ಯುವುದು ಸುಲಭ. ತೋಟೆ ಕೋವಿಯ (ಶಾಟ್‌ಗನ್) ‘12 ಬೋರ್’ ಎಂಬ ಅಳತೆ ಹುಟ್ಟಿದ್ದೂ ಸೀಸದಿಂದಲೇ: ಒಂದು ಪೌಂಡ್ ಸೀಸವನ್ನು ಒಂದೇ ಗಾತ್ರದ 12 ಉಂಡೆ ಮಾಡಿದರೆ, ಅದರಲ್ಲೊಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ.

ಒಡೆಯುವ ಬಗೆ ಎಲ್ಲ ಕೋವಿಗೂ ಒಂದೇ ಅಲ್ಲ. ತೋಟೆ ಕೋವಿಯ ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಬಹುಪಾಲು ಇಡಿಯಾಗಿ ಉಳಿದರೂ ಮೂಳೆಗೆ ಬಡಿದಲ್ಲಿ ಪುಡಿ ಬಿಡುತ್ತದೆ. ರೈಫಲ್ಲಿನ ಗುಂಡಿನ ವೇಗ ಅದರ ದುಪ್ಪಟ್ಟು. ತಾಮ್ರದ ಹೊದಿಕೆಯೊಳಗಿನ ಸೀಸ ಅಣಬೆಯಂತೆ ಅರಳಿ ನೂರಾರು ಚೂರಾಗಬಲ್ಲದು. ಅಮೆರಿಕದಲ್ಲಿ ಬೇಟೆಯ ಜಿಂಕೆಗಳ ಎಕ್ಸ್‌-ರೇ ತೆಗೆದಾಗ ಗಾಯದಿಂದ ಒಂದು ಗೇಣು ಆಚೆಗೂ ಚೂರುಗಳು ಕಂಡಿವೆ. ಹಾಗಾಗಿ ಗಾಯದ ಸುತ್ತ ಎರಡು ಬೆರಳಗಲ ಕೊಯ್ದೆಸೆದರೆ ಸಾಲದು. ತೊಳೆದರೂ ಪೂರ್ತಿ ಹೋಗದು. ಖೀಮಾ ಮಾಡಿದರಂತೂ ಒಂದು ಕಡೆ ಇದ್ದದ್ದು ಇಡೀ ರಾಶಿಗೆ ಹರಡುತ್ತದೆ.

ಕೊಡಗಿನ ಅಡುಗೆ ಬಲ್ಲವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟು ಬೇಯಿಸಿದರೂ ಸೀಸ ನಾಶವಾಗುವುದಿಲ್ಲ, ಆದರೆ ಹುಳಿಗೆ ಕರಗುತ್ತದೆ. ಚರೆ ಇದ್ದ ಹಕ್ಕಿಮಾಂಸವನ್ನು ವಿನೆಗರ್ ಹಾಕಿ ಬೇಯಿಸಿದ ಪ್ರಯೋಗದಲ್ಲಿ ಮಾಂಸಕ್ಕೆ ಇಳಿದ ಸೀಸ ಹೆಚ್ಚಾಗಿತ್ತು. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿಕರಿಗೆ ಬೀಳುವ ಕಾಚಂಪುಳಿಯಾದರೋ ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸಿದ ಕಡು ಹುಳಿ. ಆದ್ದರಿಂದ ಚರೆಯನ್ನು ತಟ್ಟೆಯಲ್ಲಿ ಆರಿಸುವ ಹೊತ್ತಿಗೆ ಅದರ ಒಂದಷ್ಟು ಅಂಶ ಸಾರಿಗೆ ಸೇರಿರುತ್ತದೆ. ಆರಿಸುವುದಿದ್ದರೆ ಹುಳಿ ಸೋಕುವ ಮೊದಲೇ ಆರಿಸಬೇಕು.

ನುಂಗಿದ ಸೀಸದಲ್ಲಿ ದೊಡ್ಡವರ ಮೈಗೆ ಹತ್ತುವುದು ಹತ್ತರಲ್ಲೊಂದು ಪಾಲು, ಚಿಕ್ಕ ಮಕ್ಕಳಿಗೆ ಅರ್ಧದವರೆಗೂ. ಕಬ್ಬಿಣದಂಶ, ಕ್ಯಾಲ್ಸಿಯಂ ಕಡಿಮೆಯಿದ್ದವರಿಗೆ ಇನ್ನೂ ಹೆಚ್ಚು. ಅದು ಮೂಳೆಯಲ್ಲಿ ದಶಕಗಟ್ಟಲೆ ಕೂತು, ಬಸುರಿಯಾದಾಗ ಮತ್ತೆ ರಕ್ತಕ್ಕಿಳಿದು ಹೊಟ್ಟೆಯ ಮಗುವನ್ನು ಮುಟ್ಟುತ್ತದೆ. ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಕುಂದುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದ ಒಂದು ಡೆಸಿಲೀಟರಿನಲ್ಲಿ 5 ಮೈಕ್ರೋಗ್ರಾಂ ಕಂಡರೆ ಮೂಲ ಹುಡುಕಿ ತಡೆಯಬೇಕು ಎಂಬುದು ಅದರ 2021ರ ಮಾರ್ಗಸೂಚಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಇಂದಿನ ಪಂದಿಕರಿ ಸಾಕು ಹಂದಿಯದು, ಅದರಲ್ಲಿ ಗುಂಡಿನ ಸೀಸದ ಪ್ರಶ್ನೆಯಿಲ್ಲ. ಈ ಮಾತು ತಗಲುವುದು ಬೇಟೆಗೆ ಪರವಾನಗಿ ಸಿಗುವ ದೇಶಗಳಲ್ಲಿ ನೆಲೆಸಿ, ಅಲ್ಲಿನ ಜಿಂಕೆಗೋ ಕಾಡುಹಂದಿಗೋ ಊರಿನ ಕಾಚಂಪುಳಿ ಹಾಕುವವರಿಗೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಸೀಸದ ಗುಂಡಿಗೆ ಬಿದ್ದ ಮಾಂಸವನ್ನು ಬಡಿಸಲೇಬಾರದು. ಉಳಿದವರು ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕೊಯ್ದು ಬಿಡಲಿ. ನಾಯಿಗೂ ಹಾಕದಿರಲಿ, ಅದಕ್ಕೂ ಇದು ವಿಷವೇ.

ಊರಲ್ಲೇ ಇರುವವರಿಗೆ ಸೀಸ ಸೇರುವ ದಾರಿ ಬೇರೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುಂಡು ಹೊಡೆದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಮುಟ್ಟಬೇಕು. ನಳಿಗೆ ಒರೆಸಿದ ಬಟ್ಟೆ ಮಕ್ಕಳ ಕೈಗೆ ಸಿಗಬಾರದು. ಸೀಸ ಕರಗಿಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು.

ಸೀಸಕ್ಕೆ ಬದಲಿ ಇದೆ: ರೈಫಲ್ಲಿಗೆ ಪೂರಾ ತಾಮ್ರದ ಗುಂಡು, ತೋಟೆಗೆ ಉಕ್ಕಿನ ಚರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಆದರೆ ಉಕ್ಕು ಸೀಸದಂತೆ ಮೆತ್ತಗಿಲ್ಲ. ಅಜ್ಜನ ಕಾಲದ ಕೋವಿಗೆ ಅದನ್ನು ತುಂಬಿದರೆ ನಳಿಗೆ ಗೀರಬಹುದು, ಬಾಯಿ ಕಿರಿದಾಗಿದ್ದರೆ ಅಲ್ಲಿ ಉಬ್ಬಲೂಬಹುದು. ಕೋವಿ ರಿಪೇರಿ ಬಲ್ಲವರಿಗೆ ನಳಿಗೆ ತೋರಿಸಿಯೇ ಉಕ್ಕಿನ ತೋಟೆ ಕೊಳ್ಳಿ.