ಜೆಟ್ಟಿಗೆ ಕಟ್ಟಿದ ದೋಣಿಗೆ ಲಂಗರು ಎಲ್ಲಿಂದ ಬಂತು?

ಜೆಟ್ಟಿಯ ಪಕ್ಕ ನಾಲ್ಕು ಹಗ್ಗ ಬಿಗಿಸಿಕೊಂಡು ನಿಂತ ಹಾಯಿದೋಣಿಯ ಚಿತ್ರ. ಕೆಳಗೆ ಅಡಿಬರಹ: ‘ಲಂಗರು ಹಾಕಿರುವ ದೋಣಿ’. ಇಂಥ ಅಡಿಬರಹ ಕಣ್ಣಿಗೆ ಬೀಳುತ್ತಿರುವುದು ಈ ವಾರ ಇದು ಮೂರನೆಯ ಸಲ. ಲಂಗರು ದೋಣಿಯ ಮೂತಿಯಲ್ಲೇ ತೂಗುತ್ತಿರುವುದು ಅದೇ ಚಿತ್ರದಲ್ಲಿ ಕಾಣುತ್ತಿದೆ!

ಲಂಗರು ಪಾರಸಿಯ ‘ಲಂಗರ್’. ದೋಣಿಯ ಲಂಗರೆಂದರೆ ನೀರಿನ ತಳ ಮುಟ್ಟಿ ಮಣ್ಣನ್ನು ಕಚ್ಚುವ ಕಬ್ಬಿಣ. ಡೆಕ್ಕಿನಿಂದ, ಅಂದರೆ ದೋಣಿಯ ಮೇಲ್ಹಾಸಿನಿಂದ, ನೀರಿನ ತಳಕ್ಕೆ 10 ಅಡಿ ಇದ್ದರೆ 50ರಿಂದ 70 ಅಡಿ ಸರಪಳಿಯನ್ನೋ ಹಗ್ಗವನ್ನೋ ಬಿಡಬೇಕು. ಜಗ್ಗು ನೆಲದುದ್ದಕ್ಕೆ ಬೀಳದಿದ್ದರೆ ಕಬ್ಬಿಣ ಕಿತ್ತು ಬರುತ್ತದೆ. ಅಷ್ಟು ಬಿಟ್ಟ ದೋಣಿ ಗಾಳಿ ಬಂದತ್ತ ತಿರುಗುತ್ತಲೇ ಇರುತ್ತದೆ. ಜೆಟ್ಟಿಯ ದೋಣಿ ಹಾಗೆ ತಿರುಗಿದರೆ ಅಕ್ಕಪಕ್ಕದ ದೋಣಿಗಳು ಉಳಿದಾವೇ?

ಜೆಟ್ಟಿಗೆ ದೋಣಿ ಬಿಗಿಯುವ ಕೆಲಸಕ್ಕೆ ನಮ್ಮಲ್ಲಿ ‘ಕಟ್ಟು’ ಎಂಬ ಧಾತು ಇದೆ. ದನ ಕಟ್ಟುತ್ತೇವೆ, ತೊಟ್ಟಿಲು ಕಟ್ಟುತ್ತೇವೆ. ದೋಣಿಗೆ ಮಾತ್ರ ಏಕೆ ಸಂಕೋಚ? ‘ದೋಣಿ ಕಟ್ಟುವುದು’ ಎಂದರೆ ನಿರ್ಮಿಸುವುದು ಎಂದಾಗುತ್ತದೆ ಎಂಬ ಆಕ್ಷೇಪವನ್ನು ಕೇಳಿ ಕೇಳಿ ಸಾಕಾಗಿದೆ. ‘ಜೆಟ್ಟಿಗೆ ಕಟ್ಟಿದ ದೋಣಿ’ ಎಂದರಾಯಿತು. ಚತುರ್ಥಿ ವಿಭಕ್ತಿ ಮತ್ತೇಕೆ ಇದೆ?

ಇನ್ನು ಕ್ಲೀಟ್. ಹಗ್ಗ ಬಿಗಿಯಲೆಂದು ಡೆಕ್ಕಿನ ಮೇಲಿರುವ ಈ ಎರಡು ಕೊಂಬಿನ ತುಂಡನ್ನು ‘ಕೊಕ್ಕೆ’ ಎಂದು ಬರೆಯುತ್ತಾರೆ. ಕೊಕ್ಕೆಗೆ ಸಿಕ್ಕಿಸುತ್ತೇವೆ, ಕ್ಲೀಟಿಗೆ ಸುತ್ತುತ್ತೇವೆ. ಹಗ್ಗ ಮೊದಲು ದೂರದ ಕೊಂಬಿನ ಕಡೆಗೆ ಹೋಗಬೇಕು. ಬುಡಕ್ಕೆ ಒಂದು ಪೂರ್ತಿ ಸುತ್ತು. ಬಳಿಕ ಕೊಂಬಿನಿಂದ ಕೊಂಬಿಗೆ 8ರ ಆಕಾರದಲ್ಲಿ ಅಡ್ಡ ಸುತ್ತು (ಕನ್ನಡದ ೮ ಇಲ್ಲಿ ಕೆಲಸಕ್ಕೆ ಬಾರದು). ಕೊನೆಗೆ ಹಗ್ಗವನ್ನು ತಿರುಚಿ, ತುದಿ ತನ್ನದೇ ಸುತ್ತಿನಡಿ ಸಿಕ್ಕಿಕೊಳ್ಳುವಂತೆ ಕೊಂಬಿಗೆ ತೊಡಿಸಿದ ಒಂದು ಕುಣಿಕೆ. ಭಾರ ಹೊರುವುದು ಬುಡದ ಸುತ್ತು, ಕುಣಿಕೆಯಲ್ಲ. ಆದ್ದರಿಂದಲೇ ದೋಣಿ ಜಗ್ಗುತ್ತಿರುವಾಗಲೂ ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬಹುದು. ಬುಡ ಸುತ್ತದೆ ಕುಣಿಕೆಯನ್ನೇ ಮೊದಲು ಬಿಗಿದವರು ಆಮೇಲೆ ಚಾಕು ಹುಡುಕುತ್ತಾರೆ.

ಜೆಟ್ಟಿಯ ಮೇಲಿನ ಮೋಟು ಕಂಬ ಬೊಲ್ಲಾರ್ಡ್, ಅದು ಕ್ಲೀಟ್ ಅಲ್ಲ. ದೋಣಿ ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ‘ಸ್ಪ್ರಿಂಗ್’ ಅನ್ನು ಒಬ್ಬರು ‘ಸುರುಳಿ’ ಎಂದು ಅನುವಾದಿಸಿದ್ದರು. ಅದು ಬರಿಯ ಹಗ್ಗ. ಹೆಚ್ಚಾಗಿ ನೈಲಾನಿನದು, ಏಕೆಂದರೆ ನೈಲಾನ್ ಹಿಗ್ಗಿ ಎಳೆತದ ಹೊಡೆತವನ್ನು ತಾನು ತಿನ್ನುತ್ತದೆ.