ಹುಲ್ಲುಹಾಸಿನ ಅಡಿಯಲ್ಲಿ ಗೊಣ್ಣೆ ಹುಳು

ಪುಣೆಯ ಬಾಣೇರ್‌ನಲ್ಲಿರುವ ನಮ್ಮ ವಸತಿ ಸಂಕೀರ್ಣದ ಹುಲ್ಲುಹಾಸು ಕಳೆದ ಸೆಪ್ಟೆಂಬರ್‌ನಲ್ಲಿ ಅಲ್ಲಲ್ಲಿ ಹಳದಿಗೆ ತಿರುಗಿತು. ನೀರು ಸಾಲದೆಂದು ಒಬ್ಬರು, ಗೊಬ್ಬರ ಸಾಲದೆಂದು ಇನ್ನೊಬ್ಬರು ಹೇಳಿದ್ದರಿಂದ ಎರಡನ್ನೂ ಧಾರಾಳವಾಗಿ ಕೊಟ್ಟದ್ದಾಯಿತು. ಹಳದಿ ಮಾತ್ರ ಹರಡುತ್ತಲೇ ಹೋಯಿತು. ಒಂದು ಬೆಳಿಗ್ಗೆ ಗೊರವಂಕಗಳು ಅದೇ ಜಾಗವನ್ನು ಪಟ್ಟಾಗಿ ಕುಕ್ಕುತ್ತಿದ್ದುದನ್ನು ಕಂಡು, ಒಂದು ಹಿಡಿ ಹುಲ್ಲನ್ನು ಹಿಡಿದೆಳೆದೆ. ಬೇರೇ ಇಲ್ಲದ ಹುಲ್ಲು ಚಾಪೆಯಂತೆ ಸುರುಳಿಯಾಗಿ ಎದ್ದುಬಂತು. ಅಡಿಯಲ್ಲಿ ಅಂಗೈಯಗಲದ ಮಣ್ಣಿನಲ್ಲಿ ನಾಲ್ಕು ಹುಳುಗಳು ಬಾಗಿ ಮಲಗಿದ್ದವು: ಕೆನೆಬಿಳುಪಿನ ಮೈ, ಕಂದು ತಲೆ, ಮುಂಭಾಗದಲ್ಲಿ ಮೂರು ಜೊತೆ ಕಾಲು, ಒಳಗಿನ ಮಣ್ಣು ತೆಳುಚರ್ಮದಿಂದ ಕಪ್ಪಾಗಿ ಕಾಣುವ ಹಿಂತುದಿ. ತೋಟದ ಮಾಳಿ ನೋಡಿದವನೇ ಮರಾಠಿಯಲ್ಲಿ "ಹುಮಣಿ" ಎಂದ. ಬೆಳಗಾವಿ ಕಡೆಯ ಕಬ್ಬಿನ ರೈತರು ಗೊಣ್ಣೆ ಹುಳು ಎಂದು ಶಪಿಸುವುದು ಮಣ್ಣಿನಲ್ಲಿ ಬೆಳೆಯುವ ಈ ದುಂಬಿಮರಿಯನ್ನೇ.

ಹಳದಿಯಾದ ಹುಲ್ಲನ್ನೆಲ್ಲ ಇದರ ತಲೆಗೆ ಕಟ್ಟುವಂತಿಲ್ಲ. ಎಳೆದರೂ ಬೇರು ಬಿಗಿಯಾಗಿದ್ದು, ಎಲೆಯ ಅಂಚು ಮಾತ್ರ ಕಚ್ಚಿದಂತಿದ್ದರೆ ಅದು ರಾತ್ರಿ ಮೇಯುವ ಸೈನಿಕ ಹುಳುವಿನ ಕೆಲಸವಿರಬಹುದು. ಒಂದು ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಒಂದು ಚದರ ಮೀಟರ್ ಜಾಗಕ್ಕೆ ಸುರಿದರೆ, ಹತ್ತು ನಿಮಿಷದೊಳಗೆ ಅವು ಚಡಪಡಿಸುತ್ತ ಮೇಲೆ ಬರುತ್ತವೆ. ಗೊಣ್ಣೆ ಹುಳು ಈ ಉಪಾಯಕ್ಕೆ ಜಗ್ಗುವುದಿಲ್ಲ. ಅದನ್ನು ಅಗೆದೇ ನೋಡಬೇಕು. ಎರೆಹುಳು ಎತ್ತಿಹಾಕಿದ ಮಣ್ಣಿನ ಸಣ್ಣ ಗುಪ್ಪೆಗಳಿಗೆ ಹೆದರಿ ವಿಷ ಹಾಕುವವರಿದ್ದಾರೆ, ಅವರ ಬಗ್ಗೆ ಏನು ಹೇಳುವುದು! ಗೊಬ್ಬರದ ಗುಂಡಿಯಲ್ಲಿ ಸಿಗುವ ಬಿಳಿ ಹುಳುಗಳೆಲ್ಲವೂ ಶತ್ರುಗಳಲ್ಲ. ಒಂದನ್ನು ನೆಲದ ಮೇಲೆ ಬಿಡಿ. ಅಂಗಾತವಾಗಿ, ಬೆನ್ನಿನ ಮೇಲೆಯೇ ತೆವಳುತ್ತ ಹೋದರೆ ಅದು ಹೂದುಂಬಿಯ ಮರಿ, ಮುಖ್ಯವಾಗಿ ಕೊಳೆತ ಪದಾರ್ಥವನ್ನು ತಿಂದು ಬದುಕುವಂಥದ್ದು.

ಗೊಣ್ಣೆ ಹುಳುವಿನ ನಿಯಂತ್ರಣವೆಲ್ಲ ಅದರ ಪಂಚಾಂಗವನ್ನು ಅರಿಯುವುದರಲ್ಲಿದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಹೊಲೊಟ್ರೈಕಿಯಾ ಸೆರ್ರಾಟಾ ಎಂಬ ಜಾತಿಗೆ ವರ್ಷಕ್ಕೊಂದೇ ತಲೆಮಾರು. ಮೇ ಕೊನೆಯ ಅಥವಾ ಜೂನ್ ಮೊದಲ ಮಳೆಗೆ ನೆಲ ನೆನೆದೊಡನೆ ಕಂದು ದುಂಬಿಗಳು ಮುಸ್ಸಂಜೆಯಲ್ಲಿ ಹೊರಬಿದ್ದು, ಬೇವು, ಜಾಲಿ ಮರಗಳ ಎಲೆ ಮೇಯ್ದು, ಕೂಡಿ, ಬೆಳಗಾಗುವುದರೊಳಗೆ ಮಣ್ಣು ಸೇರುತ್ತವೆ. ಬೇವಿನೆಣ್ಣೆ ಸಿಂಪಡಿಸಿದರೆ ಸಾಕೆಂದು ನಂಬಿದವರು, ಈ ದುಂಬಿಗೆ ಬೇವಿನೆಲೆಯೇ ಊಟವೆಂಬುದನ್ನು ಗಮನಿಸಬೇಕು. ಹಸಿ ಮಣ್ಣಿನಲ್ಲಿಟ್ಟ ಮೊಟ್ಟೆಗಳು ಹತ್ತು ದಿನಗಳ ಆಸುಪಾಸಿನಲ್ಲಿ ಒಡೆಯುತ್ತವೆ. ಮರಿಗಳು ಮೊದಲು ಸಾವಯವ ಪದಾರ್ಥ ಹಾಗೂ ಎಳೆಬೇರುಗಳನ್ನು ತಿಂದು, ಎರಡು ಬಾರಿ ಪೊರೆ ಕಳಚಿ, ಆಗಸ್ಟ್ ನಂತರ ಹೊಟ್ಟೆಬಾಕರಾಗುತ್ತವೆ. ನಮಗೆ ಹಳದಿ ಕಾಣುವುದು ಆಗಲೇ. ಆ ವೇಳೆಗೆ ಹುಳು ಬಲಿತು, ಔಷಧಕ್ಕೆ ಸುಲಭವಾಗಿ ಬಗ್ಗದಂತಾಗಿರುತ್ತದೆ.

ಆದ್ದರಿಂದ ಕೆಲಸ ಜೂನ್‌ನಲ್ಲೇ ಆಗಬೇಕು. ಈ ವರ್ಷ ಮೊದಲ ಮಳೆ ಬಿದ್ದ ಸಂಜೆ ನಾವು ಗೇಟಿನ ಬಳಿಯ ಬೇವಿನ ಕೆಳಗೆ ಹಳೆಯ ಸೀರೆ ಹಾಸಿ ಕೊಂಬೆ ಅಲುಗಿಸಿದೆವು. ಟಪಟಪನೆ ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದೆವು. ಬಲ್ಬಿನ ಕೆಳಗೆ ಅದೇ ನೀರಿನ ಟಬ್ಬನ್ನಿಟ್ಟರೂ ಬೆಳಕಿಗೆ ಬಂದವು ಬೀಳುತ್ತವೆ. ಒಂದೆರಡು ವಾರ ಎಡೆಬಿಡದೆ ಮಾಡಿದರೆ ಮೊಟ್ಟೆಯಿಡುವ ಹೆಣ್ಣುಗಳೇ ಕಡಿಮೆಯಾಗುತ್ತವೆ. ಇದರ ಜೊತೆಗೆ ಜೂನ್, ಜುಲೈಯಲ್ಲಿ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಸೇರಿಸಬಹುದು. ಅದರ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಹೊಕ್ಕು ಕೊಲ್ಲುತ್ತದೆ. ಸತ್ತ ಹುಳುವಿನ ಮೇಲೆ ಹಸಿರು ಬೂಸಲು ಕಟ್ಟುತ್ತದೆ. ಬಿಸಿಲು ಬೀಜಕಣವನ್ನು ಕೊಲ್ಲುವುದರಿಂದ ಸಂಜೆ ಹಾಕಿ ನೀರುಣಿಸಬೇಕು. ಹಸಿ ಸಗಣಿ ಗೊಬ್ಬರವನ್ನಂತೂ ತರಲೇಬಾರದು. ಎಷ್ಟೋ ಬಾರಿ ಮರಿಗಳು ಅದರ ಜೊತೆಯಲ್ಲೇ ಬರುತ್ತವೆ.

ಹಿಂದೆ ಇದಕ್ಕೆ ಫೋರೇಟ್ ಹರಳನ್ನು ಎರಚುವ ರೂಢಿಯಿತ್ತು. 2020ರ ಡಿಸೆಂಬರ್ 31ರಿಂದ ಭಾರತದಲ್ಲಿ ಅದು ನಿಷಿದ್ಧ. ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲಿನ ಮೇಲೆ ಅಷ್ಟು ತೀಕ್ಷ್ಣ ವಿಷವನ್ನು ಹಾಕುತ್ತಿದ್ದರೆಂದರೆ ನನಗೆ ಈಗಲೂ ನಡುಕ ಬರುತ್ತದೆ. ಚದರ ಅಡಿಗೆ ಒಂದೆರಡು ಹುಳುಗಳಿದ್ದರೆ ಆರೋಗ್ಯವಂತ ಹುಲ್ಲು ತಾನೇ ತಾಳಿಕೊಳ್ಳುತ್ತದೆ. ಐದಾರು ಮೀರಿದ ಜಾಗವನ್ನು ನಾವು ಅಕ್ಟೋಬರ್‌ನಲ್ಲಿ ಅಗೆದು ತೆರೆದಿಟ್ಟು, ಎರಡು ದಿನ ಗೊರವಂಕಗಳಿಗೆ ಬಿಟ್ಟುಕೊಟ್ಟ ಮೇಲೆಯೇ ಹೊಸ ಹುಲ್ಲು ನೆಟ್ಟೆವು.