ಕೆರೆಯ ಉಸಿರು ನೋಡಬೇಕಾದರೆ ನಸುಕಿನಲ್ಲೇ ಹೋಗಬೇಕು

2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಆ ಫೋಟೋಗಳು ಹಲವರಿಗೆ ನೆನಪಿರಬಹುದು. ಊರ ಕೆರೆಗಳಲ್ಲಿ ಇಂಥ ಸುದ್ದಿ ಸಾಮಾನ್ಯವಾಗಿ ಬರುವುದು ಬೇಸಿಗೆಯಲ್ಲಿ ಅಥವಾ ಮೊದಲ ಮಳೆ ಬಿದ್ದ ಮೇಲೆ. ಹೊತ್ತು ಮಾತ್ರ ಹೆಚ್ಚಾಗಿ ಬೆಳಗ್ಗೆಯೇ. ಯಾಕೆ?

ಚರಂಡಿ ನೀರು ಸೇರಿದ ಕೆರೆ ಹಸಿರಾಗಿರುತ್ತದೆ. ಆ ಹಸಿರು ಪಾಚಿಯದು. ಬಿಸಿಲಿರುವಾಗ ಪಾಚಿ ತನ್ನ ಊಟ ತಯಾರಿಸಿಕೊಳ್ಳುತ್ತಾ ನೀರಿಗೆ ಆಮ್ಲಜನಕ ಬಿಡುತ್ತದೆ. ಬೆಂಗಳೂರಿನ ಹವೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸಹಜವಾಗಿ 7–8 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. ಪಾಚಿ ಜಾಸ್ತಿ ಇರುವ ಕೆರೆಯಲ್ಲಿ ಮಧ್ಯಾಹ್ನ ಅದು ಹತ್ತನ್ನೂ ದಾಟುತ್ತದೆ. ಹೊತ್ತು ಮುಳುಗಿದ ಮೇಲೆ ಕತೆ ತಿರುವುಮುರುವು. ಪಾಚಿ, ಬ್ಯಾಕ್ಟೀರಿಯ, ಮೀನು ಎಲ್ಲವೂ ರಾತ್ರಿಯಿಡೀ ಉಸಿರಾಡುತ್ತವೆ, ಆಮ್ಲಜನಕ ಕೊಡುವವರು ಯಾರೂ ಇಲ್ಲ. ಸೂರ್ಯ ಹುಟ್ಟುವ ಮುಂಚೆ ಅದು ಅತಿ ಕಡಿಮೆ ಇರುತ್ತದೆ. ಮೀನಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ನಸುಕಿನಲ್ಲಿ ಅದು ಒಂದಕ್ಕೂ ಕೆಳಗೆ ಇಳಿದಿರಬಹುದು.

ಈಗ ಯೋಚನೆ ಮಾಡಿ. ನೀರಿನ ಮಾದರಿ ತೆಗೆಯುವವರು ತಿಂಗಳಿಗೊಮ್ಮೆ, ಆಫೀಸು ತೆರೆದ ಮೇಲೆ, ಹನ್ನೊಂದು ಗಂಟೆಗೆ ಬರುತ್ತಾರೆ. ಅಷ್ಟೊತ್ತಿಗೆ ಕೆರೆ ಸುಧಾರಿಸಿಕೊಂಡಿರುತ್ತದೆ. ಅವರು ಬರೆದುಕೊಂಡ ಅಂಕಿ ಸರಿಯೇ, ಆದರೆ ಕೆರೆಯ ಕಷ್ಟ ಅದರಲ್ಲಿ ಇಲ್ಲ. ಐದೂವರೆಗೆ ತೆಪ್ಪ ಇಳಿಸುವ ಮೀನುಗಾರ ಅದನ್ನು ಕಣ್ಣಾರೆ ಕಂಡಿರುತ್ತಾನೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ನೀರು ಕೆಟ್ಟಿದೆ ಎಂದು ಅವನಿಗೆ ಗೊತ್ತು. ಯಾವ ಕಾಲುವೆ ಕಡೆಯಿಂದ ವಾಸನೆ ಬಂತು, ಎಷ್ಟು ದಿನದಿಂದ ಬರುತ್ತಿದೆ, ಅದೂ ಗೊತ್ತು.

ಕೆರೆ ನೋಡಿಕೊಳ್ಳುವುದರಲ್ಲಿ ಜನರನ್ನು ಸೇರಿಸಿಕೊಳ್ಳಿ ಅಂದರೆ ಅನೇಕರು ಅದನ್ನು ಸುಮ್ನೆ ಒಂದು ಮರ್ಯಾದೆಯ ಮಾತು ಅಂದುಕೊಳ್ಳುತ್ತಾರೆ. ಒಂದು ಸಭೆ, ಒಂದು ಗಿಡ ನೆಡುವ ಕಾರ್ಯಕ್ರಮ, ಮುಗಿಯಿತು. ನನ್ನ ಪ್ರಕಾರ ಅದು ವಿಜ್ಞಾನದ ಅಗತ್ಯ. ದಡದಲ್ಲಿ ದಿನಾ ಇರುವವರನ್ನು ಬಿಟ್ಟರೆ ಅಳತೆಯೇ ಅರ್ಧ.

ಹಿಂದೆ ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನೂ ಅವನೇ, ಏರಿಯಲ್ಲಿ ಇಲಿ ಬಿಲ ಕಂಡರೆ ಊರಿಗೆ ಹೇಳುವವನೂ ಅವನೇ. ರೈತರ ಜಗಳ, ಮೀನಿನವರ ದೂರು, ಎಲ್ಲ ಅವನ ಕಿವಿಗೇ ಬೀಳುತ್ತಿತ್ತು. ಈಗ ಬೆಂಗಳೂರಿನ ಒಂದು ಕೆರೆ ತೆಗೆದುಕೊಳ್ಳಿ. ಕೆರೆಯೂ ರಾಜಕಾಲುವೆಯೂ ನಗರಾಡಳಿತಕ್ಕೆ, ಒಳಚರಂಡಿ ಜಲಮಂಡಳಿಗೆ, ಮೀನಿನ ಗುತ್ತಿಗೆ ಮೀನುಗಾರಿಕೆ ಇಲಾಖೆಗೆ, ಗಡಿ ಕಂದಾಯ ಇಲಾಖೆಗೆ, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಗೆ. ನೀರು ಮಾತ್ರ ಒಂದೇ. ಒಬ್ಬರು ಮೇಲೆ ಮಾಡಿದ ಕೆಲಸ ಇನ್ನೊಬ್ಬರ ಲೆಕ್ಕದಲ್ಲಿ ಸತ್ತ ಮೀನಾಗಿ ತೇಲುತ್ತದೆ.

ಈ ಕೊಂಡಿ ಚೆನ್ನಾಗಿ ಕಾಣುವುದು ಜಕ್ಕೂರು ಕೆರೆಯಲ್ಲಿ. ಊರಿನ ಉತ್ತರಕ್ಕಿದೆ, ಸುಮಾರು 160 ಎಕರೆ. ಇದರ ತಲೆಯ ಕಡೆ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಮೊದಲು ಕಟ್ಟಿದಾಗ ಅದರ ಸಾಮರ್ಥ್ಯ ದಿನಕ್ಕೆ ಒಂದು ಕೋಟಿ ಲೀಟರ್. ಇಂಥ ಘಟಕ ಕೊಳೆಯನ್ನು ಬಹಳಷ್ಟು ತೆಗೆಯುತ್ತದೆ. ಆದರೆ ಸಾರಜನಕ, ರಂಜಕ ಸಾಕಷ್ಟು ಉಳಿದುಬಿಡುತ್ತವೆ. ಪಾಚಿಗೆ ಅದೇ ಗೊಬ್ಬರ. ಹಾಗಾಗಿ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನವಾಗಿ ಹರಿದು, ಆಮೇಲೆ ಕೆರೆಗೆ ಸೇರುತ್ತದೆ. ಗಿಡಗಳು ಆ ಗೊಬ್ಬರವನ್ನು ಒಂದಿಷ್ಟು ಹೀರಿಕೊಳ್ಳುತ್ತವೆ. ಕೆಸರಿನಲ್ಲಿರುವ ಬ್ಯಾಕ್ಟೀರಿಯ ಸಾರಜನಕವನ್ನು ಗಾಳಿಗೆ ವಾಪಸ್ ಕಳಿಸುತ್ತವೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರು, ಅದರಲ್ಲಿ ಮೀನು, ದಡದಲ್ಲಿ ಹಕ್ಕಿ. ಎಷ್ಟು ಚೆಂದದ ಏರ್ಪಾಡು, ಅಲ್ವಾ? ಆದರೆ ಕೊಂಡಿ ಒಂದು ಕಡೆ ಕಳಚಿದರೂ ಸಾಕು. ಘಟಕದ ಪಂಪು ಒಂದು ರಾತ್ರಿ ನಿಂತರೆ ಅದು ಮೊದಲು ಗೊತ್ತಾಗಬೇಕಾದ್ದು ಮೀನಿನವರಿಗೆ.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದು ಬೇರೆಯೇ ಕತೆ. ಸುಮಾರು 13 ಎಕರೆಯ ಪುಟ್ಟ ಕೆರೆ. ಸುತ್ತ ಕಟ್ಟಡಗಳೆದ್ದು ಮಳೆನೀರು ಬರುವ ದಾರಿಗಳು ಮುಚ್ಚಿಹೋದವು. ಅಕ್ಕಪಕ್ಕದವರು ಟ್ರಸ್ಟ್ ಕಟ್ಟಿಕೊಂಡು 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಮುಂದೆ ಪಕ್ಕದ ಅಪಾರ್ಟ್‌ಮೆಂಟ್ ತನ್ನಲ್ಲೇ ಶುದ್ಧ ಮಾಡಿದ ನೀರನ್ನು ಕೆರೆಗೆ ಬಿಡುವಂತಾಯಿತು. ಸರ್ಕಾರಿ ಕಡತದಲ್ಲಿ ಕುಳಿತು ಈ ದಾರಿ ಹೊಳೆಯುವುದು ಕಷ್ಟ. ಪಕ್ಕದ ಕಾಂಪೌಂಡಿನಲ್ಲಿ ಏನಿದೆ ಎಂದು ಅಕ್ಕಪಕ್ಕದವರಿಗೇ ಗೊತ್ತಿರುವುದು.

ಹಾಗಂತ ದಡದಲ್ಲಿರುವವರೆಲ್ಲ ಒಂದೇ ಮಾತು ಹೇಳುತ್ತಾರೆ ಅಂದುಕೊಳ್ಳಬೇಡಿ. ವಾಕಿಂಗ್ ಬರುವವರಿಗೆ ಕೆರೆ ಸದಾ ಅಂಚಿನವರೆಗೆ ತುಂಬಿರಬೇಕು. ಹಾಗೆ ತುಂಬಿಸಿಟ್ಟರೆ ಉಲ್ಲಂಕಿಗೆ, ಮೆಟ್ಟುಗಾಲು ಹಕ್ಕಿಗೆ ಕೆಸರಿನ ಅಂಚೇ ಸಿಗುವುದಿಲ್ಲ. ಹಸು ಸಾಕುವವರಿಗೆ ಆ ಅಂಚಿನ ಹುಲ್ಲು ಬೇಕು. ಸುತ್ತ ಬೇಲಿ ಹಾಕಿದರೆ ಅವರು ಹೊರಗೆ. ಮೀನಿನವರು ಜೊಂಡು ಬಲೆಗೆ ಅಡ್ಡ ಅನ್ನಬಹುದು, ಜಂಬುಕೋಳಿ ಗೂಡು ಕಟ್ಟುವುದು ಅಂಥ ಜೊಂಡಿನಲ್ಲೇ. ಇಂಗ್ಲಿಷಿನಲ್ಲಿ ಇಮೇಲ್ ಬರೆಯಬಲ್ಲವರ ಮಾತು ಬೇಗ ಕೇಳಿಸುತ್ತದೆ, ಹುಲ್ಲು ಕೊಯ್ಯುವ ಹೆಂಗಸಿನ ಮಾತು ಕೇಳಿಸುವುದೇ ಇಲ್ಲ. ಇದು ನನಗೆ ತುಂಬ ಬೇಸರದ ವಿಷಯ. ಸಭೆಯನ್ನು ಕೆರೆ ಏರಿಯ ಮೇಲೆ, ಕನ್ನಡದಲ್ಲಿ, ಮೀನು ಮಾರಿ ಮುಗಿಯುವ ಹೊತ್ತಿಗೆ ಇಟ್ಟರೆ ಯಾರು ಬರುತ್ತಾರೆ ಅನ್ನುವುದೇ ಬದಲಾಗುತ್ತದೆ.

ಸಹಭಾಗಿತ್ವದ ಹೆಸರಿನಲ್ಲಿ ತಪ್ಪು ದಾರಿ ಹಿಡಿದದ್ದೂ ಉಂಟು. ಒಮ್ಮೆ ಬೆಂಗಳೂರಿನ ಕೆಲವು ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಇದರ ವಿರುದ್ಧ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಹೈಕೋರ್ಟ್, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ರಚಿಸಿ, 2012ರಲ್ಲಿ ಕೆರೆಗಳ ರಕ್ಷಣೆಗೆ ಆದೇಶ ಕೊಟ್ಟಿತು.

ಮತ್ತೆ ಜಕ್ಕೂರಿನ ಜೊಂಡಿಗೆ ಬರುತ್ತೇನೆ, ಯಾಕೆಂದರೆ ಅಲ್ಲಿ ಒಂದು ಕೆಲಸ ವರ್ಷವರ್ಷವೂ ಇದ್ದೇ ಇರುತ್ತದೆ. ಜೊಂಡು, ಅಂತರಗಂಗೆ ಹೀರಿದ ರಂಜಕ ಗಿಡದೊಳಗೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಕೊಯ್ದು ಹೊರಗೆ ಸಾಗಿಸಿದರೆ ಅದು ಕೆರೆ ಬಿಟ್ಟು ಹೋಗುತ್ತದೆ. ಬಿಟ್ಟರೆ ಗಿಡ ಸತ್ತು, ಕೊಳೆತು, ಹೀರಿದ್ದನ್ನೆಲ್ಲ ನೀರಿಗೆ ವಾಪಸ್ ಬಿಡುತ್ತದೆ. ಕೋಡಿ ಬಿದ್ದಾಗ ಅದು ಕೆಳಗಿನ ರಾಚೇನಹಳ್ಳಿ ಕೆರೆಗೂ ಹೋಗುತ್ತದೆ. ಒಂದೇ ಸಲಕ್ಕೆ ಎಲ್ಲ ಕೊಯ್ದರೆ ಹಕ್ಕಿಗೂಡು ಹಾಳು, ಸೋಸುವ ಕೆಲಸವೂ ನಿಂತುಹೋಗುತ್ತದೆ. ಆದ್ದರಿಂದ ಪಟ್ಟಿ ಪಟ್ಟಿಯಾಗಿ ಕೊಯ್ಯಬೇಕು. ಯಾವ ಪಟ್ಟಿ ಮೊದಲು ಅಂತ ಹಕ್ಕಿ ನೋಡುವವರು ಹೇಳಬೇಕು, ತೆಪ್ಪ ಮೀನಿನವರು ಕೊಡಬೇಕು, ಕೂಲಿಯನ್ನು ಯಾವುದಾದರೂ ಒಂದು ಇಲಾಖೆ ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕು. ಇಷ್ಟೂ ಭರಣಿ ಮಳೆ ಬೀಳುವ ಮುಂಚೆಯೇ ಆಗಬೇಕು.